ಚಿಕ್ಕಪ್ಪನಿಗೆ ಅಮೆ ಬಂದದ್ದು

ನಮ್ಮ ಚಿಕ್ಕಪ್ಪ ಮದುವೆಗೆ ಮೊದಲೇ ಬಾಣಂತನ ಮಾಡಿ ಮುಗಿಸಿದ ಮನುಷ್ಯ. ಹೀಗೆಂದ ಕೂಡಲೇ ನಿಮ್ಮ ಹುಬ್ಬು ಮೇಲೇರುತ್ತದೆ ಎಂದು ಗೊತ್ತು. ಹೊಸನಗರದಿಂದ ತೀರ್ಥಹಳ್ಳಿಯವರೆಗೆ ಒಂದು ಇಡೀ ಬಸ್ಸಿನ ಜನರ ಹುಬ್ಬು ಆ ಕಾಲದಲ್ಲೇ ಏರಿ ಇಳಿದಾಗಿದೆ. ನೀವು ಸ್ವಲ್ಪ ತಡೆಯಿರಿ.

ಇದು ಅರವತ್ತರ ದಶಕದ ಮಾತು. ಯಾವ ಇಸವಿ ಎಂದು ಮಾತ್ರ ಕೇಳಬೇಡಿ. ಆಗ ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಕಣ್ಣಾರೆ ಕಾಣದ್ದನ್ನು ನಂಬಬಾರದು ಎಂದು ಅಲ್ಲಿ ಕಲಿಸಿದರು. ಈಗ ವಯಸ್ಸಾದ ಮೇಲೆ ಕಣ್ಣಾರೆ ಕಂಡದ್ದನ್ನೂ ನಂಬಲು ಆಗುತ್ತಿಲ್ಲ, ಅಷ್ಟು ಚೆನ್ನಾಗಿ ಕಲಿತಿದ್ದೇನೆ. ಆದ್ದರಿಂದ ಈ ಕಥೆಯಲ್ಲಿ ಅರ್ಧ ನನ್ನ ನೆನಪು, ಇನ್ನರ್ಧ ನನ್ನ ತಂಗಿಯ ತಿದ್ದುಪಡಿ. ಆ ಬೇಸಿಗೆ ರಜೆಯಲ್ಲಿ ಅವಳೂ ಅಲ್ಲಿದ್ದಳು. ಅವಳು ಇರಲೇ ಇಲ್ಲ ಎಂಬ ಅನುಮಾನವೂ ನನಗೆ ಒಮ್ಮೊಮ್ಮೆ ಬರುತ್ತದೆ, ಅದನ್ನು ಅವಳೆದುರು ಹೇಳುವ ಧೈರ್ಯವಿಲ್ಲ.

ಅಪ್ಪನ ನೌಕರಿ ಸಾಗರದಲ್ಲಿ. ರಜೆ ಬಂತೆಂದರೆ ನಾವಿಬ್ಬರೂ ಹೊಸನಗರದ ಅಜ್ಜಿಯ ಮನೆಗೆ ಹೊರಡುತ್ತಿದ್ದೆವು. ಅಲ್ಲಿ ಅಜ್ಜಿ ಮತ್ತು ಅವಳ ಕಿರಿಯ ಮಗನಾದ ಈ ಚಿಕ್ಕಪ್ಪ ಇಬ್ಬರೇ. ಮನೆಯ ಮುಂಭಾಗ ಬಸ್‌ ನಿಲ್ದಾಣದ ಕಡೆಗೆ; ಅಲ್ಲಿ ಚಿಕ್ಕಪ್ಪನ ಬಾಡಿಗೆ ಸೈಕಲ್ ಅಂಗಡಿ. ಮನೆಯ ಹಿಂಭಾಗ ಹಿತ್ತಲು, ಅಲ್ಲಿ ಚಿಕ್ಕಪ್ಪ. ಅಂಗಡಿ ಎದುರಿಗೂ ಅವನು ಹಿಂದೆಯೂ ಇದ್ದರೆ ವ್ಯಾಪಾರ ಹೇಗೆ ನಡೆಯುತ್ತಿತ್ತು? ಗಿರಾಕಿಗಳು ತಾವೇ ಸೈಕಲ್ ತೆಗೆದುಕೊಂಡು, ತಾವೇ ತಂದು ನಿಲ್ಲಿಸಿ, ತಾವೇ ಪಂಕ್ಚರ್ ಹಾಕಿಕೊಂಡು, ಹೋಗುವಾಗ ಹಿತ್ತಲ ಕಡೆಗೆ ತಿರುಗಿ "ಹೋಗ್ತೀನಿ ಮಾರಾಯ್ರೆ" ಎಂದು ಕೂಗಿ ಹೋಗುತ್ತಿದ್ದರು. ಊರಿನ ಅರ್ಧ ಜನ ಪಂಕ್ಚರ್ ಹಾಕಲು ಕಲಿತದ್ದು ಹೀಗೆ.

ಹಿತ್ತಲಲ್ಲಿ ಅವನಿಗೆ ಅಂಥ ಕೆಲಸವೇನು? ಹರಟೆಮಲ್ಲ. ಈ ಹಕ್ಕಿಯನ್ನು ನೀವು ಖಂಡಿತ ನೋಡಿದ್ದೀರಿ, ಗಮನಿಸಿರಲಿಕ್ಕಿಲ್ಲ. ಮಾಸಿದ ಮಣ್ಣಿನ ಬಣ್ಣ, ಹಳದಿ ಕೊಕ್ಕು, ಬಿಳಿಗಣ್ಣು. ಈಗಷ್ಟೇ ಹಾಸಿಗೆಯಿಂದೆದ್ದು ಮುಖ ತೊಳೆಯದೆ ನೇರ ಜಗಳಕ್ಕೆ ಬಂದವರ ಹಾಗೆ. ಒಂದೇ ಒಂದನ್ನು ಯಾರೂ ಎಂದೂ ಕಂಡಿಲ್ಲ. ಬಂದರೆ ಗುಂಪು, ಹೋದರೆ ಗುಂಪು. ತರಗೆಲೆ ಕೆದಕುತ್ತ ಕುಪ್ಪಳಿಸುತ್ತ ಮಾತು, ಮಾತು, ಮಾತು. ನಮ್ಮ ಹಿತ್ತಲಿನ ಗುಂಪಿನಲ್ಲಿ ಏಳಿದ್ದವು ಎಂದು ನನ್ನ ನೆನಪು. ಒಂಬತ್ತು ಎನ್ನುತ್ತಾಳೆ ತಂಗಿ. ಚಿಕ್ಕಪ್ಪನನ್ನು ಕೇಳಿದರೆ, "ಮನೆ ಜನ ಎಣಿಸಬಾರದು, ದೃಷ್ಟಿಯಾಗುತ್ತೆ" ಎನ್ನುತ್ತಿದ್ದ.

ಅವನಿಗೆ ಮೋಹ ಹುಟ್ಟಿಸಿದ್ದು ಆ ಹಕ್ಕಿಗಳ ಸಂಸಾರ. ಗೂಡು ಒಂದೇ. ಆದರೆ ಮರಿಗಳಿಗೆ ಗುಂಪಿನ ಎಲ್ಲರೂ ಹುಳ ತಂದು ತಿನ್ನಿಸುವುದು. ಅಕ್ಕ, ಅಣ್ಣ, ಅತ್ತೆ, ಹೋದ ವರ್ಷದ ಮರಿ, ಯಾರೂ ಬಿಟ್ಟಿಲ್ಲ.

"ನೋಡು, ಅಲ್ಲಿ ಒಬ್ರು ಕಾವಲು. ಮರಿಯಾದ್ಮೇಲೆ ಇಬ್ರು ಮೂವರು ಹುಳ ತರೋರು. ಉಳಿದವ್ರು ಸಲಹೆ ಕೊಡೋರು," ಎಂದು ಚಿಕ್ಕಪ್ಪ ನನಗೆ ವಿವರಿಸಿದ.

"ಮತ್ತೆ ನೀನು?"

"ನಾನು ಮೇಲ್ವಿಚಾರಣೆ."

ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಮೇಲ್ವಿಚಾರಣೆ ಸಾಲುತ್ತದೆಯೇ? ಇವುಗಳಲ್ಲಿ ತಾಯಿ ಯಾವುದು ಎಂದು ಪತ್ತೆ ಮಾಡಲು ನಾನೊಂದು ಪ್ರಯೋಗ ಹೂಡಿದೆ. ಸೈಕಲ್ ಪಂಪಿಗೆ ಅರಿಶಿನದ ನೀರು ತುಂಬಿಸಿ, ಗೂಡಿನ ಮೇಲೆ ಕೂತಿದ್ದ ಹಕ್ಕಿಯೊಂದರ ಬೆನ್ನಿಗೆ ಗುರಿಯಿಟ್ಟು ಹೊಡೆದೆ. ಮೊದಲನೆಯ ಸಲ ಅಜ್ಜಿಯ ಮಡಿಸೀರೆಗೆ ಬಿತ್ತು. ಎರಡನೆಯದು ಗುರಿ ಮುಟ್ಟಿತು. ಇನ್ನೇನು, ಹಳದಿ ಬೆನ್ನಿನವಳೇ ತಾಯಿ ಎಂದು ಹಿಗ್ಗಿ ಊಟಕ್ಕೆ ಹೋದೆ. ಈ ಹಕ್ಕಿಗಳು ಸಾಲಾಗಿ ಮೈಗೆ ಮೈ ಒತ್ತಿ ಕೂತು ಒಬ್ಬರ ಗರಿಯನ್ನು ಇನ್ನೊಬ್ಬರು ಕೊಕ್ಕಿನಿಂದ ಬಾಚುತ್ತವೆ ಎಂಬುದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲವೂ ಹಳದಿ. ಅರಿಶಿನ ಕುಂಕುಮಕ್ಕೆ ಹೋಗಿಬಂದ ಮುತ್ತೈದೆಯರ ಹಾಗೆ ಬೇಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ನನ್ನ ವಿಜ್ಞಾನ ಆ ಬೇಸಿಗೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಚಿಕ್ಕಪ್ಪನಿಗೆ ಆಗ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಆಗುವುದಿಲ್ಲ ಎಂದು ಅವನೇನೂ ಹೇಳಿದವನಲ್ಲ. ಆದರೆ ಹೆಣ್ಣು ನೋಡಲು ಹೋದಲ್ಲೆಲ್ಲ ಏನಾದರೊಂದು ಆಗುತ್ತಿತ್ತು. ಸಾಗರದಲ್ಲಿ ನಡೆದದ್ದನ್ನು ನಾನೇ ಕಂಡಿದ್ದೇನೆ. ಜಮಖಾನ, ಉಪ್ಪಿಟ್ಟು, ಕೇಸರಿಭಾತು, ಮೂಲೆಯಲ್ಲಿ ತಲೆ ತಗ್ಗಿಸಿದ ಹುಡುಗಿ, ಎಲ್ಲ ಕ್ರಮವಾಗಿಯೇ ಇತ್ತು. ಹುಡುಗಿಯ ತಂದೆ, "ತಮಗೆ ಸಂಗೀತ ಗಿಂಗೀತ ಉಂಟಾ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಅವರ ಹಿತ್ತಲಿನಲ್ಲಿ ಹರಟೆಮಲ್ಲಗಳು ಗಂಟಲು ಹರಿಯುವಂತೆ ಕಿರುಚತೊಡಗಿದವು. ಚಿಕ್ಕಪ್ಪ ಎದ್ದು ನಿಂತು, "ಹಾವು" ಎಂದು ಒಂದೇ ಮಾತು ಹೇಳಿ, ಅಡಿಗೆಮನೆಯ ಮೂಲಕ ಹಿಂದಕ್ಕೆ ನಡೆದುಬಿಟ್ಟ. ಹಾವು ಎಂದ ಮೇಲೆ ಯಾರು ನೆಲದ ಮೇಲೆ ಇರುತ್ತಾರೆ? ಹುಡುಗಿಯ ತಂದೆ ಬೆಂಚು ಹತ್ತಿದರು, ತಾಯಿ ಕಡೆಯುವ ಕಲ್ಲು ಹತ್ತಿದರು, ಹುಡುಗಿ ಅಟ್ಟಕ್ಕೇ ಹೋದಳು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಬಂದ. ಕೈತುಂಬ ಪರಚು ಗಾಯ, ಕಂಕುಳಲ್ಲಿ ಒಂದು ದೊಡ್ಡ ಬೆಕ್ಕು.

"ಹಾವಲ್ಲ, ಇದು. ಯಾವ ಮನೆ ದರಿದ್ರದ್ದೋ, ಮರಿಗೆ ಬಾಯಿ ಹಾಕ್ತಿತ್ತು," ಎಂದ.

ಅಟ್ಟದ ಮೇಲಿಂದ ಹುಡುಗಿ ಮೊದಲ ಬಾರಿಗೆ ಬಾಯಿ ತೆರೆದಳು. "ಅದು ನಂದು," ಎಂದಳು.

ಇಂಥ ಎರಡು ಮೂರು ಆದ ಮೇಲೆ ಅಜ್ಜಿ, ಮಗನ ಮದುವೆಯಾಗುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಹಟ ತೊಟ್ಟಳು. ಇದು ಸಣ್ಣ ಮಾತಲ್ಲ. ಅಜ್ಜಿ ಊಟ ಬಿಟ್ಟಿದ್ದರೆ ನಾವು ಹೇಗೋ ತಡೆದುಕೊಳ್ಳುತ್ತಿದ್ದೆವು. ಕಾಫಿ ಬಿಟ್ಟ ಅಜ್ಜಿ ಬೆಳಗಾದರೆ ನಮ್ಮೆಲ್ಲರ ಲೋಟಗಳ ಮುಂದೆ ಬಂದು ಕೂತು, ಹಬೆಯನ್ನು ಮೂಗಿನಿಂದ ಎಳೆದುಕೊಳ್ಳುತ್ತ, "ಕುಡೀರಿ, ಕುಡೀರಿ. ನಂದೇನು" ಎನ್ನುತ್ತಿದ್ದಳು. ಆ ಕಾಫಿ ಯಾರ ಗಂಟಲಲ್ಲಿ ಇಳಿದೀತು?

ಆಗ ಬಂದದ್ದು ತೀರ್ಥಹಳ್ಳಿಯ ಸಂಬಂಧ. ಹುಡುಗಿ ಅಲ್ಲಿನ ಶಾಲೆಯೊಂದರಲ್ಲಿ ಟೀಚರ್. ವಯಸ್ಸು ಮೂವತ್ತು ದಾಟಿದೆ, ತಂದೆತಾಯಿ ಇಲ್ಲ, ಅಣ್ಣನ ಮನೆಯಲ್ಲಿದ್ದಾರೆ. ಜಾತಕ ಕೇಳಿದವರೆಲ್ಲ ಹಿಂದೆ ಸರಿದಿದ್ದರು, ಏಕೆಂದರೆ ಮೂಲಾ ನಕ್ಷತ್ರ, ಮಾವನಿಗೆ ಆಗಿಬರುವುದಿಲ್ಲ ಎಂದು ನಂಬಿಕೆ. ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾವ ಹೋಗಿ ಎಷ್ಟೋ ವರ್ಷ ಆಯ್ತು. ಇನ್ನೊಂದ್ಸಲ ಹೋಗೋಕಾಗುತ್ತಾ?" ಎಂದಳು. ಶುಕ್ರವಾರ ಹೆಣ್ಣು ನೋಡಲು ಹೋಗುವುದೆಂದು ನಿಶ್ಚಯವಾಯಿತು. ಇದೂ ತಪ್ಪಿದರೆ ಇಬ್ಬರಿಗೂ ಇನ್ನು ಕೇಳುವವರಿಲ್ಲ ಎಂದು ಮಧ್ಯಸ್ಥರು ಸ್ಪಷ್ಟವಾಗಿಯೇ ಹೇಳಿ ಹೋಗಿದ್ದರು.

ಬುಧವಾರ ಬೆಳಿಗ್ಗೆ ಚಿಕ್ಕಪ್ಪ ಹಿತ್ತಲಿನ ಹೇರಳೆ ಮರಕ್ಕೆ ಒರಗಿಸಿದ್ದ ಏಣಿಯಿಂದ ಇಳಿದು ಅಂಗಳದಲ್ಲಿ ದೂರ ನಿಂತ. ಒಳಗೆ ಬರಲಿಲ್ಲ.

"ಅಮ್ಮಾ, ನಮಗೆ ಅಮೆ," ಎಂದ.

ನಮ್ಮ ಕಡೆ ಅಮೆ ಎಂದರೆ ಮನೆತನದಲ್ಲಿ ಮಗು ಹುಟ್ಟಿದಾಗ ಬರುವ ಮೈಲಿಗೆ. ಪುರುಡು ಎಂದು ಕೆಲವು ಕಡೆ ಹೇಳುತ್ತಾರೆ. ಮಗು ಎಲ್ಲೇ ಹುಟ್ಟಲಿ, ಒಂದೇ ಗೋತ್ರದ ಹತ್ತಿರದವರೆಲ್ಲರಿಗೂ ಹತ್ತು ದಿನ ಅಮೆ. ದೇವರ ಕೋಣೆಗೆ ಹೋಗುವಂತಿಲ್ಲ, ಬೇರೆಯವರನ್ನು ಮುಟ್ಟುವಂತಿಲ್ಲ, ಶುಭಕಾರ್ಯಕ್ಕಂತೂ ಹೊರಡುವಂತೆಯೇ ಇಲ್ಲ.

ಅಜ್ಜಿ ಗಾಬರಿಯಾಗಿ ಬಸುರಿಯಾಗಿದ್ದ ಸೊಸೆಯಂದಿರನ್ನೂ ದಾಯಾದಿ ಮನೆಯ ಹೆಂಗಸರನ್ನೂ ಬೆರಳಿನಲ್ಲಿ ಎಣಿಸತೊಡಗಿದಳು. "ಯಾರಿಗಾಯ್ತಾ? ಸಾಗರದಲ್ಲಾ?"

"ಅಲ್ಲ. ಹಿತ್ತಲಲ್ಲಿ. ಹೇರಳೆ ಮರದಲ್ಲಿ. ಮೊಟ್ಟೆ ಒಡೀತು."

ಅಜ್ಜಿ ಜಗಲಿಯ ಮೇಲೆ ಕೂತಳು. ಇದು ನನ್ನ ಸಮಯ ಎಂದುಕೊಂಡು ನಾನು ಮುಂದೆ ಬಂದೆ. "ಚಿಕ್ಕಪ್ಪ, ಅಮೆ ಬರೋದು ಒಂದೇ ಗೋತ್ರದವ್ರಿಗೆ. ಹಕ್ಕಿಗೆಲ್ಲಿಂದ ಬಂತು ಗೋತ್ರ?"

"ನಮ್ಮದ್ಯಾವ ಗೋತ್ರನಾ?"

"ಕಾಶ್ಯಪ."

"ಗರುಡ ಯಾರ ಮಗ?"

ನಾನು ಅಜ್ಜಿಯ ಮುಖ ನೋಡಿದೆ. ಕಶ್ಯಪ ಮುನಿಗೆ ಹಕ್ಕಿಯೂ ಹಾವೂ ಎಲ್ಲ ಮಕ್ಕಳೇ ಎಂಬ ಕಥೆಯನ್ನು ನಮಗೆಲ್ಲ ಹೇಳಿಕೊಟ್ಟವಳು ಅವಳೇ. ಪಾಪ, ಅಜ್ಜಿ ಎಣಿಸುತ್ತಿದ್ದ ಬೆರಳು ಮಡಚಿ, "ಹಾಗಾದ್ರೆ ಕಾಗೆ ಮರಿ ಹಾಕಿದ್ರೂ ಅಮೆಯನಾ?" ಎಂದಳು.

"ಅದು ದೂರದ ದಾಯಾದಿ. ಸ್ನಾನ ಮಾಡಿದ್ರೆ ಸಾಕು," ಎಂದ ಚಿಕ್ಕಪ್ಪ.

ಅವನು ಇದನ್ನು ನಿಜವಾಗಿ ನಂಬಿದ್ದನೋ, ಶುಕ್ರವಾರದಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯವೋ ನನಗೆ ಇಂದಿಗೂ ಗೊತ್ತಿಲ್ಲ. ನಾಟಕವಾಗಿದ್ದರೆ ಬಹಳ ನಿಷ್ಠೆಯ ನಾಟಕ. ಊಟಕ್ಕೆ ಹೊರಗೆ ಬೇರೆ ಎಲೆ ಹಾಕಿಸಿಕೊಂಡ. ನಮ್ಮನ್ನು ಮುಟ್ಟಲಿಲ್ಲ. ನಾವೂ ಅದೇ ಗೋತ್ರದವರಲ್ಲವೇ ಎಂದರೆ, "ನೀವು ನಂಬೋದಿಲ್ಲ. ನಂಬದವ್ರಿಗೆ ಅಮೆ ಬರಲ್ಲ" ಎಂದ. ಆ ಸಂಜೆ ಏಣಿಯ ಬುಡದಲ್ಲಿ ಕೂತಿದ್ದಾಗ ನಾನು ನೇರವಾಗಿ ಕೇಳಿದೆ, ನಿನಗೆ ಮದುವೆ ಬೇಡವಾ ಎಂದು.

ಅವನು ಗೂಡಿನ ಕಡೆಗೇ ನೋಡುತ್ತ ಹೇಳಿದ. "ಬೇಡ ಅಂತಲ್ಲ ಮಾರಾಯ. ಆ ಟೀಚರಿಗೆ ಇದು ಎಷ್ಟನೇ ಬಾರಿನೋ, ಸೀರೆ ಉಟ್ಟು ಬಂದು ಕೂರೋದು. ನಾನು ಹೋಗಿ ಅಲ್ಲೂ ಎಂತದಾದ್ರೂ ಎಡವಟ್ಟು ಮಾಡಿದ್ರೆ? ನಂಗೆ ಅಭ್ಯಾಸ ಇದೆ. ಅವ್ರಿಗೆ ಯಾಕೆ?"

ಎಡವಟ್ಟು ಆಗಬಾರದೆಂದು ಅವನು ಮನೆಯಲ್ಲಿ ಉಳಿದ. ಆದದ್ದು ನೋಡಿ.

ಶುಕ್ರವಾರ ಬರಲಾಗುವುದಿಲ್ಲ ಎಂದು ತೀರ್ಥಹಳ್ಳಿಗೆ ತಿಳಿಸಬೇಕಲ್ಲ. ಆಗ ಫೋನೆಲ್ಲಿ? ಬಸ್ಸಿನ ಕಂಡಕ್ಟರನೇ ಫೋನು. ಗುರುವಾರ ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಚಿಕ್ಕಪ್ಪ ಹೋದ. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅಮೆಯವನು ಬಸ್ಸು ತುಂಬಿದ ಜನರನ್ನು ಮುಟ್ಟಿಬಿಟ್ಟರೆ? ಆದ್ದರಿಂದ ರಸ್ತೆಯ ಆಚೆ ಬದಿಯಲ್ಲಿ ನಿಂತು ಕೂಗಿದ.

"ಟೀಚರ್ ಮನೆಗೆ ಹೇಳಿಬಿಡಿ, ನಾಳೆ ಬರೋಕಾಗಲ್ಲ. ನಮಗೆ ಅಮೆ ಬಂದಿದೆ."

ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ. "ಹೌದಾ? ಯಾರಿಗೆ ಹೆರಿಗೆ ಆಯ್ತು ಮಾರಾಯ್ರೆ? ನಿಮ್ಮನೇಲಿ ಇರೋದು ಅಜ್ಜಿ ಒಬ್ರೇ ಅಲ್ವಾ?"

"ಒಳಗಲ್ಲ, ಹಿತ್ತಲಲ್ಲಿ."

"ಹಿತ್ತಲಲ್ಲಾ? ತಾಯಿ ಯಾರು?"

"ಅದೇ ಗೊತ್ತಾಗ್ತಿಲ್ಲ."

ಬಸ್ಸು ಹೊರಟಿತು. ಹೇರಳೆ ಮರ, ಗೂಡು, ಹಕ್ಕಿ ಎಂಬ ಮುಖ್ಯ ಶಬ್ದಗಳೆಲ್ಲ ಧೂಳಿನಲ್ಲಿ ಉಳಿದವು.

ಮುಂದಿನದನ್ನು ಆಮೇಲೆ ಕಂಡಕ್ಟರನೇ ನನಗೆ ಹೇಳಿದ್ದು. ಅವನು ಯಾರ ಬಳಿಯೂ ಚಕಾರ ಎತ್ತಲಿಲ್ಲವಂತೆ. ಎತ್ತುವ ಅಗತ್ಯವೇ ಇರಲಿಲ್ಲ, ಇಡೀ ಬಸ್ಸು ಕೇಳಿಸಿಕೊಂಡಿತ್ತು. ಹುಂಚಕ್ಕೆ ಬರುವಷ್ಟರಲ್ಲಿ ಸೈಕಲ್ ಅಂಗಡಿಯವನಿಗೆ ಗಂಡು ಮಗುವಾಗಿತ್ತು. ಕೋಣಂದೂರಿನಲ್ಲಿ ಅದು ಅವಳಿಯಾಯಿತು. ತೀರ್ಥಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಮತ್ತೆ ಒಂದೇ ಮಗುವಾಗಿ, ತಾಯಿ ಅದನ್ನು ಹಿತ್ತಲಲ್ಲಿ ಹೆತ್ತು, ಅಲ್ಲೇ ಬಿಟ್ಟು, ಘಟ್ಟ ಇಳಿದು ಹೋಗಿಯಾಗಿತ್ತು. ಮುದುಕಿ ತಾಯಿ ಆ ಮಗುವಿಗೆ ಕಾಫಿ ಕುಡಿಸಿ ಸಾಕುತ್ತಿದ್ದಾಳೆ ಎಂದೂ ಒಬ್ಬರು ಸೇರಿಸಿದರಂತೆ. ಕಾಫಿ ಎಲ್ಲಿಂದ ಬಂತೋ ದೇವರೇ ಬಲ್ಲ.

ಭಾನುವಾರ ಮಧ್ಯಾಹ್ನ ಟೀಚರ ಅಣ್ಣ ಬಂದಿಳಿದರು. ಕೈಯಲ್ಲಿ ಕೊಡೆ, ಬಿಸಿಲಿಗಲ್ಲ ಎಂದು ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವರ ಹಿಂದೆ ಬಟ್ಟೆಯ ಕೈಚೀಲ ಹಿಡಿದು ಟೀಚರೂ ಬಂದಿದ್ದರು. ಹೆಣ್ಣೇ ಗಂಡಿನ ಮನೆಗೆ ಬರುವುದೆಂದರೇನು? ಅಜ್ಜಿ ಎದ್ದುಬಿದ್ದು ಚಾಪೆ ಹಾಸಿದಳು, ಕಾಫಿ ಮಾಡಿದಳು, ಗಾಬರಿಯಲ್ಲಿ ಒಂದು ಲೋಟ ತಾನೇ ಕುಡಿದುಬಿಟ್ಟಳು. ಕುಡಿದದ್ದು ಅವಳ ಗಮನಕ್ಕೇ ಬರಲಿಲ್ಲ.

ಅಣ್ಣ ಚಾಪೆಯ ಮೇಲೆ ಕೂರಲಿಲ್ಲ. "ಎಲ್ಲಿ ನಿಮ್ಮ ಮಗ? ಮಗು ಎಲ್ಲಿ?" ಎಂದರು.

ಚಿಕ್ಕಪ್ಪ ಹಿತ್ತಲಿನಿಂದ ಬಂದ. ಬುಧವಾರದಿಂದ ಅವನ ಮರಿಗಳನ್ನು ಯಾರೂ ವಿಚಾರಿಸಿರಲಿಲ್ಲ. ಈಗ ತೀರ್ಥಹಳ್ಳಿಯಿಂದ ಬಂದು ಕೇಳುತ್ತಿದ್ದಾರೆ. ಅವನ ಮುಖ ಅರಳಿಬಿಟ್ಟಿತು.

"ಬನ್ನಿ, ಬನ್ನಿ. ಮೆಲ್ಲ ಬನ್ನಿ, ಹೆದರ್ತಾವೆ," ಎಂದು ಹಿತ್ತಲಿಗೆ ಕರೆದುಕೊಂಡು ಹೊರಟ.

"ಹೆದರ್ತಾವೆ? ಎಷ್ಟಿದಾವೆ?"

"ನಾಲ್ಕು."

ಅಣ್ಣನ ಕೊಡೆ ಕೆಳಗಿಳಿಯಿತು. "ನಾಲ್ಕಾ?"

"ನಮ್ಮದು ಮೂರು. ಒಂದು ಬೇರೆಯವ್ರದ್ದು, ಗೊತ್ತಾಗದ ಹಾಗೆ ಇಟ್ಟು ಹೋಗಿದಾರೆ. ಆದ್ರೂ ಮನೆಯವ್ರು ಭೇದ ಮಾಡಲ್ಲ ನೋಡಿ, ಎಲ್ಲಕ್ಕೂ ಒಟ್ಟಿಗೇ ತಿನ್ನಿಸ್ತಾರೆ."

ಅದು ಚಾತಕದ ಮರಿ. ಚಾತಕ ತನ್ನ ಮೊಟ್ಟೆಯನ್ನು ಹರಟೆಮಲ್ಲನ ಗೂಡಿನಲ್ಲಿ ಇಟ್ಟು ಹೋಗುತ್ತದೆ ಎಂದು ನಾನು ಹೇಳಬಹುದಿತ್ತು. ನಗು ತಡೆಯಲು ನಾನೂ ತಂಗಿಯೂ ಕಂಬ ಕಚ್ಚಿಕೊಂಡು ನಿಂತಿದ್ದೆವು.

ಅಣ್ಣ ಕೊಡೆ ಊರಿಕೊಂಡು ಕೇಳಿದರು. "ಎಂತ ತಿನ್ನಿಸ್ತೀರಿ ಅವಕ್ಕೆ?"

"ಹುಳ. ಮಿಡತೆ ಸಿಕ್ಕಿದ್ರೆ ಮಿಡತೆ. ರೆಕ್ಕೆ ಕಿತ್ತು ಕೊಡ್ಬೇಕು."

ಅಣ್ಣ ಅಲ್ಲೇ ಇದ್ದ ಒರಳಿನ ಮೇಲೆ ಕೂತರು. ಆಗ ಹಿತ್ತಲ ಜಗಲಿಯ ಕಡೆಯಿಂದ ನಗು ಕೇಳಿಸಿತು. ಟೀಚರ್ ನಮ್ಮ ಹಿಂದೆ ಬಂದು ನಿಂತಿದ್ದರು. ಮರ, ಏಣಿ, ಕೊಕ್ಕಿನಲ್ಲಿ ಹುಳ ಕಚ್ಚಿ ಸಾಲಾಗಿ ಕಾದು ಕೂತಿದ್ದ ಹಳದಿ ಹಕ್ಕಿಗಳು, ಎಲ್ಲವನ್ನೂ ಒಮ್ಮೆ ನೋಡಿದವರು ನಗತೊಡಗಿದರು. ನಿಲ್ಲಿಸಲು ಅವರಿಂದ ಆಗಲೇ ಇಲ್ಲ. ಕಣ್ಣೊರೆಸಿಕೊಳ್ಳಲು ಕೈಚೀಲದಿಂದ ಕರವಸ್ತ್ರ ಎಳೆದರು. ಅದರ ಜೊತೆಗೇ ಉಣ್ಣೆಯದೇನೋ ಒಂದು ಕೆಳಗೆ ಬಿತ್ತು.

ಪುಟ್ಟ ಮಕ್ಕಳಿಗೆ ಹಾಕುವ ಕುಲಾವಿ. ಹಸಿರು ಬಣ್ಣದ್ದೆಂದು ನನ್ನ ನೆನಪು. ಬಿಳಿ ಎನ್ನುತ್ತಾಳೆ ತಂಗಿ. ಅಂಚು ಹೆಣೆದು ಮುಗಿದಿರಲಿಲ್ಲ, ನೂಲು ಇನ್ನೂ ಜೋತಾಡುತ್ತಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಸಂಶಯವಿಲ್ಲ.

"ಇದನ್ನನಾ ನೀ ಬಸ್ಸಲ್ಲಿ ಹೆಣೀತಿದ್ದದ್ದು?" ಎಂದರು ಅಣ್ಣ. "ಸ್ವೆಟರಿನ ತೋಳು ಅಂದ್ಕೊಂಡಿದ್ನಲ್ಲೇ ನಾನು."

ಟೀಚರ ನಗು ನಿಂತಿತು. "ನೀನು ಬೈಯೋಕೆ ಅಂತ ಬಂದೆ. ನಾನು ಮಗು ನೋಡೋಕೆ ಬಂದೆ."

"ಏನೂಂತ?"

"ತಾಯಿ ಬಿಟ್ಟು ಹೋಗಿದಾಳೆ ಅಂದ್ರಲ್ಲ," ಎಂದರು ಅವರು, ಯಾರ ಮುಖವನ್ನೂ ನೋಡದೆ. "ಅದಕ್ಕೆ ಒಬ್ರು ಬೇಕಾಗುತ್ತೆ ಅನ್ನಿಸ್ತು."

ಹಕ್ಕಿಗಳು ಮಾತಾಡುತ್ತಲೇ ಇದ್ದವು, ಅವಕ್ಕೆ ಇಂಥದ್ದೆಲ್ಲ ತಿಳಿಯುವುದಿಲ್ಲ. ಚಿಕ್ಕಪ್ಪ ಕುಲಾವಿ ಎತ್ತಿಕೊಡಲು ಬಾಗಿದವನು ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

"ನಾನು ಮುಟ್ಟೋ ಹಾಗಿಲ್ಲ," ಎಂದ. "ನಂಗೆ ಅಮೆ."

ಟೀಚರ್ ತಾವೇ ಬಾಗಿ ಕುಲಾವಿಯನ್ನು ಎತ್ತಿಕೊಂಡರು. ಅದಕ್ಕೆ ಅಂಟಿದ್ದ ತರಗೆಲೆ ಕೊಡವಿದರು. ಮಣ್ಣು ಮೆತ್ತಿದ ಅವನ ಅಂಗೈ ಬಿಡಿಸಿ ಅದರಲ್ಲಿ ಇಟ್ಟು, ಬೆರಳು ಮುಚ್ಚಿದರು.

"ಹಾಗಾದ್ರೆ ನಂಗೂ ಅಮೆ," ಎಂದರು.

ಅಜ್ಜಿ ಶಾಸ್ತ್ರ ಬಿಟ್ಟುಕೊಡುವವಳಲ್ಲ. "ಅಮೆ ಹೊರಗಿನವ್ರಿಗೆ ಬರಲ್ಲಮ್ಮ. ಮನೆಯವ್ರಿಗೆ ಮಾತ್ರ," ಎಂದಳು.

"ಗೊತ್ತು," ಎಂದರು ಟೀಚರ್. ಕೈ ಬಿಡಲಿಲ್ಲ.